ಹಲ್ಲಿನ ಡಬ್ಬಿ

ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮನೆಗಳಿಂದಲೂ ಒಂದು ಗುಣುಗುಣು ಕೇಳಿಸುತ್ತದೆ. ಹೊಸದಾಗಿ ಬಂದವರು ಅದನ್ನು ಸಂಧ್ಯಾವಂದನೆ ಎಂದುಕೊಂಡು ಚಪ್ಪಲಿ ಬಿಡುತ್ತಾರೆ. ಕಿವಿಗೊಟ್ಟರೆ ಗೊತ್ತಾಗುತ್ತದೆ. "ನೀನು ಹಾಲಿಗೆ. ನೀನು ಸೋಪಿಗೆ. ನೀವಿಬ್ಬರೂ ಕರೆಂಟ್ ಬಿಲ್ಲಿಗೆ, ಹದಿನೈದನೇ ತಾರೀಕಿನ ತನಕ ಅಲ್ಲಾಡಬಾರದು." ಜನ ತಮ್ಮ ತಮ್ಮ ದುಡ್ಡಿಗೆ ಕೆಲಸ ಹೇಳುತ್ತಿರುತ್ತಾರೆ. ಕೆಲಸ ಹೇಳಿಸಿಕೊಂಡ ದುಡ್ಡು ಇದ್ದಲ್ಲೇ ಇರುತ್ತದೆ. ಹೇಳಿಸಿಕೊಳ್ಳದ ದುಡ್ಡು ದೀಪ ಹಚ್ಚಿದ ಮೇಲೆ ಎದ್ದು ಹೋಗುತ್ತದೆ. ನೋಟುಗಳು ಗೋಡೆಯ ಪಕ್ಕದಲ್ಲಿ, ಮಡಿಯುಟ್ಟವರ ಹಾಗೆ, ಯಾರಿಗೂ ತಾಗದಂತೆ ನಡೆಯುತ್ತವೆ. ಚಿಲ್ಲರೆ ನಡುಬೀದಿಯಲ್ಲೇ ಉರುಳುತ್ತದೆ. ಅದಕ್ಕೆ ನಾಚಿಕೆ ಕಡಮೆ. ದಾರಿಯಲ್ಲಿ ಹೋಗುವ ದುಡ್ಡನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಅಂಗಡಿಗಳ ಹೊಸ್ತಿಲಿಗೆ ನೋಟು ಹತ್ತುವಷ್ಟು ಎತ್ತರದ ಮೆಟ್ಟಿಲು ಕಟ್ಟಿಸಿರುತ್ತಾರೆ. ದುಡ್ಡು ಒಳಗೆ ಹೋಗಿ ತನಗೆ ಇಷ್ಟವಾದದ್ದರ ಮುಂದೆ ನಿಲ್ಲುತ್ತದೆ. ಅಂಗಡಿಯವರು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಿ, ಸಾಮಾನನ್ನು ಯಜಮಾನನ ಮನೆಬಾಗಿಲಲ್ಲಿ ಇಟ್ಟು ಬರುತ್ತಾರೆ. ಯಾರ ದುಡ್ಡೆಂಬುದು ಅವರಿಗೆ ನಡಿಗೆ ನೋಡಿದರೇ ತಿಳಿಯುತ್ತದೆ.

ನನ್ನ ದುಡ್ಡಿಗೆ ಬಾಚಣಿಗೆ ಎಂದರೆ ಪ್ರಾಣ. ನನ್ನ ತಲೆಯಲ್ಲಿ ಕೂದಲಿಲ್ಲ.

ನನ್ನ ಹೆಸರು ಪದ್ಮನಾಭ. ದರ್ಜಿ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವುದು ಕೆಲಸ, ಅದರ ಹಿಂದಿನ ಕೋಣೆಯಲ್ಲೇ ವಾಸ. ಬಾಡಿಗೆ ಮುರಿದುಕೊಂಡು ಮೇಸ್ತ್ರಿ ಪ್ರತಿ ಶನಿವಾರ ಕೈಗೆ ಒಂಬೈನೂರು ಕೊಡುತ್ತಾರೆ. ಒಬ್ಬನೇ ಮನುಷ್ಯ, ಸಾಕಾಗಬೇಕು. ಆದರೆ ನಾನು ಎಂದೂ ದುಡ್ಡಿಗೆ ಕೆಲಸ ಹೇಳಿದವನಲ್ಲ. ಮೊದಲನೆಯದಾಗಿ ನನಗೆ ಮಾತು ಬರುವುದು ಕಡಮೆ. ಎರಡನೆಯದಾಗಿ, ದೀಪ ಹಚ್ಚುವ ಹೊತ್ತು ಹನುಮಂತರಾಯನ ಗುಡಿಯಲ್ಲಿ ತಿರುಮಲಮ್ಮನವರು ಕಾವ್ಯ ಓದುವ ಹೊತ್ತು. ಅವರ ತಂದೆ ಓದುತ್ತಿದ್ದಾಗ ನನ್ನ ತಾಯಿ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲಿ ಕೂರುತ್ತಿದ್ದಳಂತೆ. ಅಂದಿನಿಂದ ಮೂರನೆಯ ಕಂಬ ನನ್ನದು. ದೇವರೆದುರು ಹೋಗಿ ಕೂರುವ ಮುಂಚೆ ನೋಟಿನ ಜೊತೆ ಹರಟುವುದು ನನಗೆ ಸರಿಕಾಣುತ್ತಿರಲಿಲ್ಲ. ಹಾಗಾಗಿ ನಾನು ಪದ್ಯ ಕೇಳುತ್ತಿರುವಾಗ ನನ್ನ ದುಡ್ಡು ಊರು ಸುತ್ತುತ್ತಿತ್ತು. ಮಂಗಳವಾರದ ಹೊತ್ತಿಗೆ ಜೇಬು ಬರಿದು, ಬಾಗಿಲಲ್ಲಿ ಒಂದು ಹೊಸ ಬಾಚಣಿಗೆ.

ಆ ವರ್ಷದ ಕಾವ್ಯದಲ್ಲಿ ಒಬ್ಬ ದೊರೆ ರಾಜ್ಯ ಕಳೆದುಕೊಂಡು ಹೊಳೆದಂಡೆಗೆ ಬಂದಿದ್ದ. ಸಂಕ್ರಾಂತಿ ಕಳೆದ ಮೂರನೆಯ ದಿನ ಅವನು ಒಂದು ಕಾಲನ್ನು ದೋಣಿಯೊಳಗೆ ಇಟ್ಟ. ಇನ್ನೊಂದು ದಡದಲ್ಲೇ ಇತ್ತು. ಅಂಬಿಗ "ಹೊರಟೆಯೋ, ಉಳಿದೆಯೋ?" ಎಂದು ಕೇಳಿದ. ಅಲ್ಲಿಗೆ ನಿಲ್ಲಿಸಿ ತಿರುಮಲಮ್ಮನವರು ನೀರು ಕುಡಿದರು. ಹಿಂದಿನ ರಾತ್ರಿ ನನ್ನ ದುಡ್ಡು, ಎಂದೂ ಇಲ್ಲದ್ದು, ಕೋಡುಬಳೆ ತಂದಿತ್ತು. ದೇವರೇ ಕಳಿಸಿದ್ದು ಎಂದುಕೊಂಡು ಗುಡಿಗೆ ತೆಗೆದುಕೊಂಡು ಹೋಗಿದ್ದೆ. ಎರಡು ಕೈಯಲ್ಲಿ ಹಿಡಿದು ಅವರ ಮುಂದೆ ನೀಡಿದೆ. ಅವರು ನಕ್ಕು ಒಂದು ಬಾಯಿಗಿಟ್ಟರು.

ಕಟಕ್ ಎಂಬ ಸದ್ದು ಗುಡಿಯ ಹೊರಗೆ ಹೂ ಕಟ್ಟುತ್ತಿದ್ದ ಸಾಕಮ್ಮನಿಗೂ ಕೇಳಿಸಿತು. ಕೋಡುಬಳೆಗೆ ಏನೂ ಆಗಿರಲಿಲ್ಲ. ತಿರುಮಲಮ್ಮನವರ ಹಲ್ಲಿನ ಸೆಟ್ಟು ನಡುವೆ ಎರಡು ಹೋಳಾಗಿತ್ತು.

ಅವರು ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಪುಸ್ತಕ ಮುಚ್ಚಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದರು. ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. "ಹಲ್ಲಿಲ್ದೆ ಓದಿದ್ರೆ ಅಕ್ಷರಕ್ಕೆ ಅವಮಾನ ಕಣೋ ಪದ್ಮನಾಭ. ಇಪ್ಪತ್ತೆಂಟೇ ಪದ್ಯ ಉಳಿದಿತ್ತು."

ನಮ್ಮ ಗುಡಿಯ ಪದ್ಧತಿ ಹೀಗೆ: ಒಂದು ಯುಗಾದಿಗೆ ಎತ್ತಿಕೊಂಡ ಕಾವ್ಯವನ್ನು ಮುಂದಿನ ಯುಗಾದಿಯೊಳಗೆ ಮುಗಿಸಬೇಕು. ಮುಗಿಯದಿದ್ದರೆ ಮೊದಲ ಪದ್ಯದಿಂದ ಮತ್ತೆ. ದೊರೆ ತೊಟ್ಟಿಲಿಗೆ ವಾಪಸ್. ತಿರುಮಲಮ್ಮನವರಿಗೆ ಎಂಬತ್ತೊಂದು. ಇನ್ನೊಂದು ವರ್ಷ ಮೊದಲಿನಿಂದ ಓದಿಸುವ ಪಾಪ ನನ್ನ ತಲೆಗೆ ಬರುವುದರಲ್ಲಿತ್ತು. ಅವರ ಪಿಂಚಣಿಯ ಒಂದೊಂದು ರೂಪಾಯಿಗೂ ಮಾತ್ರೆಯ ಹೆಸರಿತ್ತು. ಹಲ್ಲಿನ ಡಾಕ್ಟರ್ ವಿಮಲಾ ಅಳತೆ ತೆಗೆದುಕೊಂಡು ನಾಲ್ಕು ಸಾವಿರದ ಮುನ್ನೂರೈವತ್ತು ಎಂದರು. "ಮಾಡಿ ಇಟ್ಟಿರ್ತೀನಿ. ದುಡ್ಡು ತಂದ ದಿನ ತಗೊಂಡು ಹೋಗಿ." ನಮ್ಮೂರಲ್ಲಿ ಸಾಲ ನಡೆಯುವುದಿಲ್ಲ. ಬೇರೆಯವರ ದುಡ್ಡನ್ನು ಮನೆಗೆ ತಂದಿಟ್ಟುಕೊಂಡರೆ ಅದು ತನ್ನ ಮನೆ ನೆನೆದು ಬೆಳಗಾಗುವ ತನಕ ಅಳುತ್ತದೆ. ಬೀದಿಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಯುಗಾದಿಯೊಳಗೆ ಹನ್ನೊಂದು ಶನಿವಾರಗಳಿದ್ದವು. ಸಾಕಮ್ಮನ ಬುಟ್ಟಿಯ ಪಕ್ಕದಲ್ಲಿ ಹೋಗಿ ನಿಂತೆ. ಆಕೆ ಹೂ ಮಾರಿ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಅವಳ ದುಡ್ಡು ಅವಳು ಕೆಮ್ಮಿದರೂ ನೆಟ್ಟಗೆ ಕೂರುತ್ತದೆಂದು ಊರಲ್ಲಿ ಹೆಸರು.

"ಬಾಯ್ ಬಿಡು ಪದ್ದಣ್ಣ. ಹೂ ಬೇಕಾ, ಬುದ್ಧಿ ಬೇಕಾ?"

"ಬುದ್ಧಿ," ಎಂದೆ.

"ಅದಕ್ಕೆ ಮೊಳದ ಲೆಕ್ಕ ಇಲ್ಲ, ಬಿಟ್ಟಿ. ಈ ವಾರ ಏನೂ ಮಾಡ್ಬೇಡ. ನಿನ್ ದುಡ್ಡು ಇಲ್ಲೀತಂಕ ಏನೇನ್ ತಂದೈತೋ ಎಲ್ಲಾನೂ ಚಾಪೆ ಮ್ಯಾಲೆ ಹರವು. ಹರವಿ ಸುಮ್ನೆ ನೋಡು."

ಹರವಿದೆ. ಹದಿನೇಳು ಬಾಚಣಿಗೆ. ಕೀಲಿ ಕೊಟ್ಟರೆ ರೆಕ್ಕೆ ಬಡಿಯುವ ಪ್ಲಾಸ್ಟಿಕ್ ಗಿಣಿ. ಊದದ ಬಲೂನುಗಳ ಎರಡು ಪೊಟ್ಟಣ. ಪೀಪಿ. ಮಗುವಿನ ಕುಲಾವಿ. ನೋಡಲೆಂದು ಕೋಣೆಗೆ ಬಂದ ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಚಾಪೆಯನ್ನು ಒಂದು ಸುತ್ತು ಬಂದಳು.

"ನಿಂಗೆ ಮಗು ಐತಾ?"

"ಇಲ್ಲ."

"ಗಿಣಿಗೆ ಹಾಕ್ತೀಯಾ?"

ವರ್ಷಗಟ್ಟಲೆ ಹಾಕಿದ ಕಾಜಾಗಳು ಆ ಚಾಪೆಯ ಮೇಲೆ ಹಲ್ಲು ಕಿರಿಯುತ್ತಿದ್ದವು. ಆ ವಾರದ ಒಂಬೈನೂರರಲ್ಲೂ ಅಕ್ಕಿ ಕೊಂಡು ಉಳಿದದ್ದು ನೋಡುತ್ತಾ ಕೂತಂತೆಯೇ ಹೊರಟುಹೋಯಿತು.

ಎರಡನೆಯ ಶನಿವಾರ ಧೈರ್ಯ ಮಾಡಿದೆ. ಬಾಗಿಲು ಹಾಕಿ, ಅಕ್ಕಿಬೇಳೆಗೆ ತೆಗೆದಿಟ್ಟು, ಮಿಕ್ಕ ನೋಟುಗಳನ್ನು ಮುಂದಿಟ್ಟುಕೊಂಡು ಮೆಲ್ಲಗೆ "ಉಳಿಯಿರಿ" ಎಂದೆ. ಅವು ಉಳಿದವು. ಭಾನುವಾರ ಇದ್ದವು, ಸೋಮವಾರ ಇದ್ದವು. ಮಂಗಳವಾರ ಆಕಳಿಸತೊಡಗಿದವು. ಬುಧವಾರ ಒಂದರ ಹಿಂದೆ ಒಂದು ಕಿಟಕಿಯಿಂದ ಇಳಿದವು.

"ಉಳೀರಿ ಅಂದ್ರೆ ಯಾವನ್ ಉಳೀತಾನೆ?" ಎಂದು ಸಾಕಮ್ಮ ಬಯ್ದಳು. "ಸುಮ್ನೆ ಕೂತಿರು ಅನ್ನೋದು ಒಂದು ಕೆಲ್ಸಾನಾ? ನೀನಾದ್ರೆ ಕಂಬ ಒರಗಿ ಕೂತಿರ್ತೀಯ, ದುಡ್ಡು ಕೂರಲ್ಲ. ಯಾತಕ್ಕೆ ಅಂತ ಹೇಳು. ಎಷ್ಟು, ಯಾವತ್ತಿನ್ ತಂಕ, ಎಲ್ಲಾ ಹೇಳು. ಬಾಯ್ ತುಂಬಾ ಹೇಳು."

ಮೂರನೆಯ ಶನಿವಾರ ಬಾಯಿ ತುಂಬ ಹೇಳಿದೆ. ಹಳೆಯ ಗುಂಡಿ ಡಬ್ಬಿಯೊಂದನ್ನು ತೊಳೆದು, ಇಡೀ ಒಂಬೈನೂರನ್ನೂ ಒಳಗಿಟ್ಟು, "ನೀವೆಲ್ಲ ತಿರುಮಲಮ್ಮನವರ ಹಲ್ಲಿಗೆ, ಯುಗಾದಿಯ ತನಕ" ಎಂದು ಮುಚ್ಚಿದೆ. ಭಕ್ತಿ ಉಕ್ಕಿ ಬಂದಿತ್ತು. ಮಾರನೆಯ ಬೆಳಗ್ಗೆ ಹಸಿವಾದಾಗ ತಪ್ಪು ಗೊತ್ತಾಯಿತು. ಡಬ್ಬಿ ತೆರೆದು ನೂರರ ನೋಟು ಹಿಡಿದು ಎಳೆದರೆ ಅದು ತಳಕ್ಕೆ ಅಂಟಿಕೊಂಡಿತು. ಅಕ್ಕಿಗೆ ಎಂದೆ, ಕೇಳಲಿಲ್ಲ. ಒಮ್ಮೆ ಹೇಳಿದ ಕೆಲಸ ಹೇಳಿದ್ದೇ. ನಿನ್ನೆ ಅಷ್ಟು ಗಟ್ಟಿಯಾಗಿ ಹೇಳಿದವನು ಇವನೇನಾ ಎಂಬಂತೆ ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಆ ವಾರ ಗುಡಿಯ ಪುಳಿಯೋಗರೆ, ಸಾಕಮ್ಮನ ಮನೆಯ ಮುದ್ದೆ, ಮಧ್ಯೆ ಮಧ್ಯೆ ನೀರು. ಗುರುವಾರ ಕಾಜಾ ಹಾಕುತ್ತಾ ಕಣ್ಣು ಕತ್ತಲೆ ಬಂದು ಒಂದು ಅಂಗಿಯ ತೋಳನ್ನು ಕಾಲರಿಗೆ ಸೇರಿಸಿ ಗುಂಡಿ ಹಾಕಿದೆ. ಮೇಸ್ತ್ರಿ ಅದನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡೋನು ಜೀವಮಾನ ಪೂರ್ತಿ ಸಲಾಂ ಹೊಡೀತಾ ಇರ್ಬೇಕು ಕಣಯ್ಯ" ಎಂದರು.

"ಹೊಟ್ಟೇಗ್ ಮೊದ್ಲು ಹೇಳ್ಬೇಕು," ಎಂದಳು ಸಾಕಮ್ಮ, ಮುದ್ದೆ ಬಡಿಸುತ್ತಾ. "ಆಮೇಲೆ ಹಲ್ಲಿಗೆ. ಇದ್ದಕ್ಕಿದ್ದಂಗೆ ಏನಾರ ಬಂದ್ರೆ ಅಂತ ಒಂದ್ ಡಬ್ಬಿ. ಮತ್ತೆ, ಕೇಳಿಲ್ಲಿ, ಒಂದ್ ಹತ್ತು ರೂಪಾಯಿ ಪೋಲಿ ಸುತ್ತಕ್ ಬಿಡು."

"ಪೋಲಿಯೇ?"

"ಹೂಂ. ಎಲ್ಲಾರ್ನೂ ಕಟ್ಟಾಕಿದ್ರೆ ಒಂದ್ ದಿನ ಎಲ್ಲಾ ಒಟ್ಟಿಗೆ ಹಗ್ಗ ಹರ್ಕಂಡ್ ಓಡ್ತವೆ. ಒಂದ್ ಅಲೀತಾ ಇದ್ರೆ ಉಳಿದವು ಅದು ತಂದಿದ್ದು ನೋಡ್ಕಂಡು ತೆಪ್ಪಗಿರ್ತವೆ."

ನಾಲ್ಕನೆಯ ಶನಿವಾರ ಗುಂಡಿ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಮುನ್ನೂರು ಅಕ್ಕಿಬೇಳೆಗೆ, ತೊಂಬತ್ತು ಹಾಲು ಕಾಫಿಪುಡಿಗೆ, ಮೂವತ್ತು ದೀಪದೆಣ್ಣೆ ಹೂವಿಗೆ, ಎಪ್ಪತ್ತು ಇದ್ದಕ್ಕಿದ್ದಂತೆ ಬರುವುದಕ್ಕೆ, ಹತ್ತು ಪೋಲಿಗೆ, ನಾನೂರು ಹಲ್ಲಿಗೆ. ಆದರೆ ಅಷ್ಟು ಜನಕ್ಕೆ ಬೇರೆ ಬೇರೆಯಾಗಿ ಹೇಳುವಷ್ಟು ಮಾತು ನನ್ನಲ್ಲಿ ಎಲ್ಲಿತ್ತು? ಎರಡನೆಯ ಡಬ್ಬಿಗೆ ಬರುವಷ್ಟರಲ್ಲಿ ಇದ್ದದ್ದೆಲ್ಲ ಖರ್ಚಾಗಿತ್ತು. ಹೊರಗೆ ಆಗಲೇ ದೀಪ ಹಚ್ಚುತ್ತಿದ್ದರು. ನೋಟುಗಳು ಎದ್ದು ಪಂಚೆ ಕೊಡವಿಕೊಳ್ಳುವವರ ಹಾಗೆ ಕೊಡವಿಕೊಂಡವು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಮಾತಲ್ಲ, ನಲವತ್ತು ವರ್ಷದಿಂದ ಕಿವಿಯಲ್ಲಿ ಕೂತಿದ್ದ ಧಾಟಿ: "ಅಕ್ಕಿ ತರುವೈ ನೂರೆ ನೀನೇ, ಪಕ್ಕದವ ನೀ ಬೇಳೆಗೆನ್ನುವೆ, ಮಿಕ್ಕ ಹತ್ತೇ ಹೋಗಿ ತಿರುಗಾಡಯ್ಯ ಬೀದಿಯಲಿ."

ನೋಟುಗಳು ಕುಳಿತವು. ಒಂದು ಹತ್ತು ಮಾತ್ರ ಎದ್ದು, ತಲೆಬಾಗಿ, ಕಿಟಕಿಯಿಂದ ಹೊರಟಿತು. ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ಒಂದು ಪೊಟ್ಟಣ ಶೇಂಗಾ ಬಂತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ದುಡ್ಡು ತಂದದ್ದನ್ನು ನಾನು ಅನುಭವಿಸಿದೆ.

ಅಲ್ಲಿಂದ ವಾರಗಳು ಸರಿಯಾದವು. ದುಡಿದದ್ದನ್ನು ದೇವರೇ ಕೊಟ್ಟದ್ದೆಂದ ಮೇಲೆ ಅದನ್ನು ಇಂಥದ್ದಕ್ಕೆ ಎಂದು ನಿವೇದಿಸುವುದರಲ್ಲಿ ತಪ್ಪೇನು ಎನ್ನಿಸತೊಡಗಿತು. ಕನ್ನಡಕದ ಕಾಲು ಮುರಿಯಿತು, ಆಮೇಲೆ ಜ್ವರ ಬಂತು. ಇದ್ದಕ್ಕಿದ್ದಂತೆಯ ಡಬ್ಬಿ ಎರಡನ್ನೂ ನೋಡಿಕೊಂಡು ಬರಿದಾಯಿತು, ಹಲ್ಲಿನ ಡಬ್ಬಿ ಮಿಸುಕಲಿಲ್ಲ. ಪ್ರತಿ ಶನಿವಾರ ಡಾಕ್ಟರ ಮನೆಯ ಮುಂದೆ ಹಾಯುತ್ತಿದ್ದೆ. ಕಿಟಕಿಯಲ್ಲಿ, ಗಾಜಿನ ಲೋಟದ ನೀರಿನೊಳಗೆ, ತಿರುಮಲಮ್ಮನವರ ಹೊಸ ಹಲ್ಲು ಕಾಯುತ್ತಿತ್ತು. ನನ್ನನ್ನು ಕಂಡು ನಗುತ್ತಿದೆ ಅನ್ನಿಸುತ್ತಿತ್ತು. ಹಲ್ಲಿಗೆ ಇನ್ನೇನು ಮಾಡಲು ಬರುತ್ತದೆ? ಕೆಲವೊಮ್ಮೆ ತಿರುಮಲಮ್ಮನವರೇ ಅಲ್ಲಿ ನಿಂತು ನೋಡುತ್ತಿದ್ದರು. ಇಬ್ಬರೂ ಒಂದು ಗಳಿಗೆ ನೋಡಿ ನಮ್ಮ ನಮ್ಮ ದಾರಿ ಹಿಡಿಯುತ್ತಿದ್ದೆವು. ಊರಿನ ಜನ ಎದುರು ಸಿಕ್ಕರೆ, "ದೊರೆಗೆ ಕಾಲು ಹಿಡ್ಕೊಂಡಿರ್ಬೇಕು ಪಾಪ" ಎನ್ನುತ್ತಿದ್ದರು. ಒಂದು ಕಾಲು ದೋಣಿಯಲ್ಲಿ, ಒಂದು ದಡದಲ್ಲಿ, ಎರಡು ತಿಂಗಳಾಗಿತ್ತು.

ಒಂಬತ್ತನೆಯ ಶನಿವಾರ ಒಂದು ಎಡವಟ್ಟಾಯಿತು. ನಾನು ಡಬ್ಬಿಗಳಿಗೆ ಹಾಡಿ ಹೇಳಿ ಮುಗಿಸಿ ತಿರುಗಿದರೆ, ಕಿಟಕಿಯ ಮೇಲೆ ಬೇರೆಯವರ ದುಡ್ಡು. ಬೀದಿಯಲ್ಲಿ ಹೋಗುತ್ತಿದ್ದ ನೋಟುಗಳು ದನಿ ಕೇಳಿ ಹತ್ತಿ ಬಂದು ಸಾಲಾಗಿ ಕೂತಿದ್ದವು. ನಡುವೆ ಗರಿಗರಿಯಾದ ಒಂದು ಐನೂರು, ಎದೆ ಉಬ್ಬಿಸಿಕೊಂಡು. ಆ ಬಿಗುಮಾನ ನೋಡಿದರೇ ಗೊತ್ತಾಗುತ್ತಿತ್ತು, ಫ್ಯಾನ್ಸಿ ಸ್ಟೋರಿನ ಗುರುಪಾದಪ್ಪನವರದು. ಊರವರ ದುಡ್ಡನ್ನೆಲ್ಲ ಬನ್ನಿ ಬನ್ನಿ ಎಂದು ಒಳಗೆ ಕರೆಯುವ ಗಡಿಬಿಡಿಯಲ್ಲಿ ತಮ್ಮ ಜೇಬಿನದಕ್ಕೆ ಕೆಲಸ ಹೇಳುವುದನ್ನು ಮರೆತಿದ್ದರು.

ನಾನು ಲೆಕ್ಕ ಹಾಕಿದ್ದೆ. ಉಳಿದ ಶನಿವಾರಗಳ ನಾನೂರು ಸೇರಿಸಿದರೂ ಹಲ್ಲಿಗೆ ಇನ್ನೂರೈವತ್ತು ಕಡಮೆ ಬೀಳುತ್ತಿತ್ತು. ಹಳೆಯ ತಪ್ಪುಗಳ ಬೆಲೆ. ಆ ಐನೂರಿಗೆ "ನೀನು ಹಲ್ಲಿಗೆ" ಎಂದರೆ ಸಾಕಿತ್ತು, ಎರಡೇ ಮಾತು. ಅದು ಕೂಡ ಹೇಳಿಸಿಕೊಳ್ಳಲು ಕತ್ತು ಚಾಚಿ ಕಾಯುತ್ತಿತ್ತು. ಬಾಯಿ ತೆರೆದೆ. ಆಗ ತಿರುಮಲಮ್ಮನವರು ಆ ಹಲ್ಲಿಟ್ಟುಕೊಂಡು ಓದುವುದು ಕಣ್ಣಿಗೆ ಬಂತು: ಮುಂದಿನ ಎರಡು ಹಲ್ಲು ಗುರುಪಾದಪ್ಪನವರವು, ಮನೆ ನೆನೆದು ಅಳುತ್ತಿವೆ, ದೇವರ ಹೆಸರು ಬಂದಾಗಲೆಲ್ಲ ಬಿಕ್ಕುತ್ತಿವೆ. ಬಾಯಿ ಮುಚ್ಚಿದೆ. ಮತ್ತೆ ತೆರೆದು, "ಮನೆಗೆ ಹೋಗಪ್ಪ" ಎಂದೆ.

ಅದು ಕಿಟಕಿಯಿಂದ ಇಳಿಯುವುದಕ್ಕೂ ಗುರುಪಾದಪ್ಪನವರು ಬನಿಯನ್ನಿನಲ್ಲಿ ಏದುಸಿರು ಬಿಡುತ್ತಾ ಓಡಿಬರುವುದಕ್ಕೂ ಸರಿಹೋಯಿತು.

"ಏನ್ರೀ ಪದ್ಮನಾಭ, ಹಾಡು ಹೇಳಿ ದುಡ್ಡು ಎಳ್ಕೊಳೋ ವಿದ್ಯೆ ಯಾವಾಗ ಕಲಿತ್ರಿ?"

"ವಾಪಸ್ ಕಳಿಸಿದೆ, ನೋಡಿ."

ಅವರ ಕಾಲ ಬಳಿ ಐನೂರು ಸಪ್ಪೆಮುಖ ಹಾಕಿಕೊಂಡು ನಿಂತಿತ್ತು. ಅದನ್ನು ಎತ್ತಿ, ಧೂಳು ಒರೆಸಿ, ಜೇಬಿಲ್ಲದ್ದರಿಂದ ಬನಿಯನ್ನಿನೊಳಗೆ ಇಟ್ಟುಕೊಂಡು, "ಐನೂರು ಅಂದ್ರೆ ನಿಮ್ಗೆ ಅರ್ಧ ವಾರದ ದುಡಿಮೆ ಅಲ್ವೇನ್ರೀ?" ಎಂದರು. ಹೌದೆಂದು ತಲೆಯಾಡಿಸಿದೆ. ಅವರು ಒಮ್ಮೆ ಕೆಮ್ಮಿ ಹೋದರು.

ಹನ್ನೊಂದನೆಯ ಶನಿವಾರ ಬಂತು. ಯುಗಾದಿಗೆ ಎರಡು ದಿನ. ಹಲ್ಲಿನ ಡಬ್ಬಿಯಲ್ಲಿ ನಾಲ್ಕು ಸಾವಿರದ ನೂರು. ಉಳಿದ ಡಬ್ಬಿಗಳ ಮುಂದೆ ನಿಂತು ನೋಡಿದೆ. ಅವು ತಮ್ಮ ತಮ್ಮ ಕೆಲಸದ ಮೇಲಿದ್ದವು, ಎಬ್ಬಿಸುವಂತಿರಲಿಲ್ಲ. ಮೂಲೆಯಲ್ಲಿ ಆ ಚಾಪೆ ಇನ್ನೂ ಹರವಿದಂತೆಯೇ ಇತ್ತು. ಗಿಣಿ ನನ್ನನ್ನು ನೋಡಿತು. ನಾನು ಗಿಣಿಯನ್ನು ನೋಡಿದೆ. ಚಾಪೆಯ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಹೆಗಲಿಗೇರಿಸಿದೆ.

ಗುರುಪಾದಪ್ಪನವರು ಗಂಟನ್ನೂ ನನ್ನನ್ನೂ ನೋಡಿ, ತಮ್ಮ ತಲೆಯ ಮೇಲಿನ ಹಲಗೆ ತೋರಿಸಿದರು. ಬಳಸಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ನಾನು ಟೋಪಿ ತೆಗೆದು ತಲೆ ಬಗ್ಗಿಸಿದೆ.

ಅವರು ಬಹಳ ಹೊತ್ತು ನನ್ನ ಬೋಳುತಲೆ ನೋಡಿದರು. ಆಮೇಲೆ ಒಂದು ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದರು. "ಒಂದ್ ಎಳೆನೂ ಇಲ್ಲ," ಎಂದರು. ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣೀರು ಒರೆಸಿಕೊಂಡು ಎಣಿಸಿದರು: ಬಾಚಣಿಗೆಗೆ ಹತ್ತರಂತೆ ನೂರೆಪ್ಪತ್ತು, ಗಿಣಿಗೆ ನಲವತ್ತು, ಮಿಕ್ಕದ್ದಕ್ಕೆ ಐವತ್ತು. "ನಿಮ್ಮ ದುಡ್ಡಿಗೆ ನಾನೇ ಮಾರಿದ್ದು. ತಲೆ ನೋಡಿ ಮಾರ್ಬೇಕಾಗಿತ್ತು," ಎಂದು ಇನ್ನೂರ ಅರವತ್ತು ಕೈಗಿಟ್ಟರು.

ಹಲ್ಲು ಕೊಂಡ ಮೇಲೆ ಹತ್ತು ರೂಪಾಯಿ ಉಳಿಯಿತು. ಸಂಜೆ ಅದಕ್ಕೆ ರಾಗವಾಗಿ ಹೇಳಿದೆ: ನೀನು ತಿರುಗಾಡಲು ಹೋಗು.

ಸುದ್ದಿ ನನಗಿಂತ ಮೊದಲೇ ಬೀದಿ ಸುತ್ತಿತ್ತು. ನಾನು ಗುಡಿಗೆ ಹೋಗುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರನೆಯ ಕಂಬ ಮಾತ್ರ ಬಿಟ್ಟಿದ್ದರು. ತಿರುಮಲಮ್ಮನವರು ಗರ್ಭಗುಡಿಯ ಕಡೆ ತಿರುಗಿ ಹಲ್ಲು ಹಾಕಿಕೊಂಡು, ನಮ್ಮ ಕಡೆ ತಿರುಗಿ, ಪುಸ್ತಕ ತೆರೆದರು. ಮೊದಲ ಅಕ್ಷರ ಕಂಚಿನ ತಟ್ಟೆಗೆ ತಟ್ಟಿದ ಹಾಗೆ ಬಂತು. ಆಗಲೇ ಯಾರಿಗೋ ನೆನಪಾಯಿತು: ಬರುವ ಗಡಿಬಿಡಿಯಲ್ಲಿ ಯಾರೂ ದುಡ್ಡಿಗೆ ಕೆಲಸ ಹೇಳಿರಲಿಲ್ಲ. ದೀಪ ಹಚ್ಚಿಯಾಗಿತ್ತು. ಒಬ್ಬೊಬ್ಬರೇ ಹಿಂತಿರುಗಿ ನೋಡಿದರು. ಊರಿನ ದುಡ್ಡೆಲ್ಲ ಗೋಡೆಯ ಬುಡದಲ್ಲಿ ಸಾಲಾಗಿ ಕೂತು ಕೇಳುತ್ತಿತ್ತು. ಚಿಲ್ಲರೆ ಕೂಡ ಸದ್ದು ಮಾಡಲಿಲ್ಲ.

"ಹೊರಟೆಯೋ, ಉಳಿದೆಯೋ?" ಎಂದು ಅಂಬಿಗ ಮತ್ತೆ ಕೇಳಿದ. ದೊರೆ ಯೋಚಿಸಿದ. ಯೋಚಿಸುತ್ತಿದ್ದಂತೆ ದೋಣಿ ಒಂದಿಷ್ಟು ಸರಿಯಿತು. ಅವನು ದೋಣಿಗೂ ಹತ್ತಲಿಲ್ಲ, ದಡಕ್ಕೂ ಇಳಿಯಲಿಲ್ಲ. ಹೊಳೆಗೆ ಬಿದ್ದ. ಎರಡು ತಿಂಗಳಿಗೂ ಮೇಲೆ ಅವನ ಜೊತೆ ಕಾಲು ಅಗಲಿಸಿ ನಿಂತಿದ್ದ ಊರು ಒಟ್ಟಿಗೆ ಗೊಳ್ಳೆಂದು ನಕ್ಕಿತು. ಅಂಬಿಗ ಅವನನ್ನು ಎತ್ತಿ, ಒಣಗಿಸಿ, ದಾಟಿಸಿ, ಅವನ ರಾಜ್ಯ ಅವನಿಗೆ ಸಿಕ್ಕಿ, ಇಪ್ಪತ್ತೆಂಟನೆಯ ಪದ್ಯ ಮುಗಿದು ಮಂಗಳಾರತಿಯಾಯಿತು. ನನ್ನ ಕೆನ್ನೆ ಒದ್ದೆಯಾಗಿತ್ತು.

ಆಗ ಕಾಂಡಿಮೆಂಟ್ಸ್ ಅಂಗಡಿಯ ಗಿರಿಜಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. "ಪದ್ದಣ್ಣೋರ ಹತ್ತು ರೂಪಾಯಿ ಬಂದಿತ್ತು," ಎಂದು ಪೊಟ್ಟಣ ನೀಡಿದಳು. ಬಿಚ್ಚಿದೆ. ಕೋಡುಬಳೆ.

ಮುಂದಿನ ಸಾಲಿನವರು ಹಿಂದೆ ಸರಿದರು.

"ಅಯ್ಯೋ, ಅದ್ನ ಅಮ್ಮೋರಿಂದ ದೂರ ಇಡ್ರಪ್ಪೋ!" ಎಂದು ಸಾಕಮ್ಮ ಹೊರಗಿನಿಂದ ಕೂಗಿದಳು. ಗುರುಪಾದಪ್ಪನವರು ಎದ್ದು ನಡುವೆ ಅಡ್ಡ ನಿಂತರು.

ತಿರುಮಲಮ್ಮನವರು ಹಲ್ಲನ್ನು ಒಮ್ಮೆ ನಾಲಗೆಯಿಂದ ಮುಟ್ಟಿ ನೋಡಿಕೊಂಡರು. "ಸರೀರಿ ಗುರುಪಾದಪ್ಪ, ಮುಂದೆ ಏನೂ ಕಾಣ್ತಿಲ್ಲ," ಎಂದರು. ಆಮೇಲೆ ನನಗೆ, ಹತ್ತಿರ ಬಾ ಎಂದು ಕೈಮಾಡಿ, ತಾವು ಓದುವ ಮಣೆಯ ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲಿಂದ ಗುಡಿ ಬೇರೆಯೇ ಕಾಣುತ್ತಿತ್ತು. ಎಲ್ಲರ ಮುಖವೂ ನನ್ನ ಕಡೆ, ದುಡ್ಡಿನ ಮುಖವೂ.

"ನೀನೇ ತಿನ್ನು ಪದ್ಮನಾಭ," ಎಂದರು. "ನಲವತ್ತು ವರ್ಷ ನೀನು ಕೇಳಿದೀಯ. ಜೋರಾಗಿ ಅಗಿ. ಇವತ್ತು ನಾವು ಕೇಳ್ತೀವಿ."

ನಾನು ಒಂದು ಕೋಡುಬಳೆ ಎತ್ತಿ, ದೇವರಿಗೆ ತೋರಿಸಿ, ಕಚ್ಚಿದೆ. ಕಟಕ್ ಎಂದಿತು. ಈ ಸಲ ಮುರಿದದ್ದು ಕೋಡುಬಳೆ.